ಮ್ಯಾಟ್ನಿಯಲ್ಲಿ ಬದುಕಿದ್ದ ವಿಲನ್

ಚಿತ್ರಮಂದಿರದ ಆಪರೇಟರಿಗೆ ಕನ್ನಡಕ ಬಂದು ಮೂರು ತಿಂಗಳಾಗಿತ್ತು. ಅದು ಮೂಗಿಗೇರಿದ್ದು ಎರಡೇ ಸಲ. ಇಪ್ಪತ್ತೆರಡು ವರ್ಷ ಸಿನಿಮಾ ತೋರಿಸಿದವನಿಗೆ ಕಂಪ್ಯೂಟರಿನ ಪಟ್ಟಿಯಲ್ಲಿ ಒಂದು ಯಾವುದು, ಎರಡು ಯಾವುದು ಎಂದು ಹುಡುಕಲು ಕನ್ನಡಕ ಬೇಕೇ? ಬೇಕಿತ್ತು.

ಅಂದು ಭರ್ಜರಿ ಹೊಡೆದಾಟದ ಚಿತ್ರವೊಂದರ ಎರಡನೇ ಭಾಗ ಬಿಡುಗಡೆ. ಒಂದನೇ ಭಾಗ ಬಂದು ಹತ್ತು ವರ್ಷವಾಗಿದೆ, ಜನ ಮರೆತಿರಬಹುದು ಎಂದು ಮಾಲೀಕರು ಬೆಳಗಿನ ಆಟಕ್ಕೆ ಅದನ್ನೇ ಹಾಕಿಸಿದ್ದರು. ಬಂದವರು ಏಳು ಜನ. ಅವರಲ್ಲಿ ಐವರು ನಿದ್ದೆ ಮಾಡಲು ಬಂದವರು. ಮಧ್ಯಾಹ್ನದ ಹೊಸ ಸಿನಿಮಾಕ್ಕೆ ಮಾತ್ರ ಕುರ್ಚಿ ಸಾಲಲಿಲ್ಲ.

ಕಳೆದ ವಾರವಷ್ಟೇ ಆಪರೇಟರ್ ಬೇರೊಂದು ಸಿನಿಮಾದ ಮಧ್ಯಂತರದ ನಂತರದ ಭಾಗವನ್ನು ಮೊದಲು ತೋರಿಸಿಬಿಟ್ಟಿದ್ದ. "ಇನ್ನೊಂದ್ಸಲ ತಪ್ಪು ಹಾಕಿದ್ರೆ ನೀನು ಸೀದಾ ಮನೆಗೆ. ಗೊತ್ತಾಯ್ತಾ?" ಎಂದರು ಮಾಲೀಕರು, ಮಧ್ಯಾಹ್ನದ ಆಟಕ್ಕೆ ಮುಂಚೆ.

"ನನ್ ಕೈಯಲ್ಲಿ ತಪ್ಪಾ ಸಾರ್?" ಎಂದು ನಕ್ಕು ಅವನು ಗುಂಡಿ ಒತ್ತಿದ. ಸಿನಿಮಾದ ಹೆಸರು ಬಂದಾಗ ಅಭಿಮಾನಿಗಳು ತೂರಿದ ಕಾಗದದ ಚೂರುಗಳಲ್ಲಿ ಪರದೆಯೇ ಕಾಣಲಿಲ್ಲ.

ಇಪ್ಪತ್ತು ನಿಮಿಷವಾಗಿರಬೇಕು. ಗೇಟು ಕಾಯುವ ಅವನ ಅಕ್ಕನ ಗಂಡ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದ.

"ಲೋ, ವಿಲನ್ ಬದುಕಿದಾನಲ್ಲೋ! ಹಳೇದ್ರಲ್ಲಿ ನೀರಿನ ಟ್ಯಾಂಕಿಂದ ಬಿದ್ದು ಸತ್ತಿರ್ಲಿಲ್ವಾ?"

ಆಪರೇಟರ್ ತಡಕಾಡಿ ಕನ್ನಡಕ ಹಾಕಿಕೊಂಡು ಪಟ್ಟಿ ನೋಡಿದ. ಓಡುತ್ತಿದ್ದುದು ಒಂದನೇ ಭಾಗ! ನಿಲ್ಲಿಸಿದರೆ ತಪ್ಪೊಪ್ಪಿಕೊಂಡಂತೆ, ಕೆಲಸ ಹೋದಂತೆ. ಆದರೂ ಮುಖ ಬಾಡಲು ಬಿಡಲಿಲ್ಲ.

"ಫ್ಲ್ಯಾಶ್‌ಬ್ಯಾಕ್ ಭಾವ. ಸ್ವಲ್ಪ ತಾಳ್ಮೆ ಇರ್ಲಿ."

"ಎಷ್ಟು ಹೊತ್ತು?"

"ಇಂಟರ್ವೆಲ್ ತನಕ. ಆಮೇಲೂ ಇರ್ಬಹುದು."

ಮಧ್ಯಂತರದಲ್ಲಿ ಏಟು ಬೀಳುವುದು ಖಚಿತವೆಂದುಕೊಂಡು ಆಪರೇಟರ್ ಕೆಳಗಿಳಿದು ಕಂಬದ ಮರೆಯಲ್ಲಿ ನಿಂತು ಕಿವಿಗೊಟ್ಟ.

"ಹಳೇದ್ರ ಕಾಲಿನ ಧೂಳಿಗೂ ಸಮ ಇಲ್ಲ ಇದು," ಎನ್ನುತ್ತಿದ್ದ ಒಬ್ಬ ಮೀಸೆಯವನು. "ಅದ್ರಲ್ಲಿ ಹೀರೋ ಎಂಟನೇ ಮಹಡಿಯಿಂದ ಹಾರಿದ್ದ. ಇಲ್ಲಿ ಬರೀ ಮೂರು!"

"ಸುಮ್ನಿರ್ರೀ, ಅದ್ರಲ್ಲಿ ಬರೀ ಹೊಡೆದಾಟ. ಇದ್ರಲ್ಲಿ ಸೆಂಟಿಮೆಂಟ್ ಇದೆ. ತಾಯಿ ಸೀನಲ್ಲಿ ನಾನು ಅತ್ತೇಬಿಟ್ಟೆ," ಎಂದರು ಹೆಂಗಸೊಬ್ಬರು.

"ವಿಲನ್ ಹೇಗೆ ಬದುಕಿ ಬಂದ ಅಂತೀನಿ?"

"ಅವಳಿ ತಮ್ಮ ಕಣ್ರೀ! ಗಮನ ಇಟ್ಟು ನೋಡಿ."

ಹತ್ತು ವರ್ಷದಲ್ಲಿ ಹಳೆಯ ಸಿನಿಮಾ ಜನರ ತಲೆಯೊಳಗೆ ಐದು ಮಹಡಿ ಬೆಳೆದಿತ್ತು. ಆಪರೇಟರಿಗೆ ಹೋದ ಜೀವ ಬಂದಂತಾಯಿತು. ಆಟ ಮುಗಿದಾಗ ಮಾಲೀಕರೇ ಕಣ್ಣೊರೆಸಿಕೊಳ್ಳುತ್ತ ಮೇಲೆ ಬಂದರು.

"ಎರಡನೇದು ಅಂದ್ರೆ ಹೀಗಿರ್ಬೇಕು! ಮೊದಲನೇದು ಇದರ ಮುಂದೆ ಏನೇನೂ ಅಲ್ಲ. ವಿಲನ್ ಟ್ಯಾಂಕಿಂದ ಬೀಳೋ ಸೀನನ್ನ ಫೋನಲ್ಲಿ ಊರಿಗೆಲ್ಲಾ ಹೇಳಿದೀನಿ. ಸಂಜೆ ನಮ್ಮ ಬೀಗರೂ ಬರ್ತಾರೆ."

ಸಂಜೆ ಆಪರೇಟರ್ ಕನ್ನಡಕ ಕಳಚಲೇ ಇಲ್ಲ. ಪಟ್ಟಿಯನ್ನು ಮೂರು ಸಲ ಓದಿ, ಎರಡನೇ ಭಾಗವನ್ನೇ ಹಾಕಿ, ನಿರಾಳವಾಗಿ ಚಹಾ ಕುಡಿಯುತ್ತ ಕುಳಿತ. ಪರದೆಯ ಮೇಲೆ ವಿಲನ್‌ನ ಗೋರಿ ಮುಟ್ಟಿ ಅವನ ಮಗಳು ಸೇಡು ತೀರಿಸಿಕೊಳ್ಳುವುದಾಗಿ ಆಣೆ ಮಾಡಿದಳು.

ಕೆಳಗೆ ಗಲಾಟೆಯೆದ್ದಿತು. "ವಿಲನ್ ಎಲ್ಲಿ? ಟ್ಯಾಂಕ್ ಎಲ್ಲಿ? ಮೋಸ!" ಮಾಲೀಕರು ಬೀಗರ ಸಮೇತ ಮೇಲೆ ನುಗ್ಗಿದರು.

"ಯಾವ ಸಿನಿಮಾ ಹಾಕಿದೀಯೋ? ಬೀಗರ ಮುಂದೆ ಮಾನ ಕಳೆದ್ಯಲ್ಲೋ!"

"ಸಾರ್, ಎರಡನೇ ಭಾಗ ಇದೇ..."

"ನನಗೇ ಹೇಳ್ಕೊಡ್ತೀಯಾ? ಮಧ್ಯಾಹ್ನ ಪೂರ್ತಿ ಕೂತು ನೋಡಿದೀನಿ!"

ಹಾಗಾದರೆ ಮಧ್ಯಾಹ್ನ ಓಡಿದ್ದು ಯಾವುದು ಎಂದು ಹೇಳಲು ಆಪರೇಟರ್ ಬಾಯಿ ತೆರೆದ. ಹೇಳಿದರೆ ಆ ತಪ್ಪಿಗೆ ಕೆಲಸ ಹೋಗುತ್ತದೆಂದು ಹೊಳೆದು ಮುಚ್ಚಿಕೊಂಡ. ಹೇಳದಿದ್ದುದಕ್ಕೆ, ಮಾಡದ ಈ ತಪ್ಪಿಗೇ ಕೆಲಸ ಹೋಯಿತು. ಮಾಲೀಕರು ಕೋಣೆಯ ಕೀಲಿಕೈ ಕಿತ್ತು ಭಾವನಿಗೆ ಕೊಟ್ಟು, ಮಧ್ಯಾಹ್ನದ್ದನ್ನೇ ಹಾಕಿಸಿದರು. ಕೆಳಗೆ ಶಿಳ್ಳೆ ಬಿತ್ತು.

ಮೆಟ್ಟಿಲಿಳಿಯುತ್ತಿದ್ದ ಆಪರೇಟರನ ಹೆಗಲ ಮೇಲೆ ಮಾಲೀಕರು ಮರುಕದಿಂದ ಕೈಯಿಟ್ಟರು.

"ಬೆಳಗ್ಗೆ ಸರಿಯಾಗಿ ಹಾಕಿದೆ, ಮಧ್ಯಾಹ್ನ ಸರಿಯಾಗಿ ಹಾಕಿದೆ. ಸಂಜೆ ಅದೇನು ಬಂದಿತ್ತಪ್ಪಾ ನಿನಗೆ?"