ಮುಂಡರೂ ಊರಿನಿಂದ ಜರ್ಮನಿಗೆ ಕಾಲ್ನಡಿಗೆ

1916ನೇ ಇಸವಿ ಜನವರಿ ಹತ್ತನೇ ತಾರೀಖು, ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ಜರ್ಮನಿಯನ್ನು ಸೋಲಿಸುವ ಸಲುವಾಗಿ ನಮ್ಮ ಮುಂಡರೂ ಊರಿನಿಂದ ಹನ್ನೆರಡು ಮಂದಿ ಸಮಿತಿ ಸದಸ್ಯರು, ಏಳು ಮಂದಿ ಬ್ಯಾಂಡಿನವರು ಮತ್ತು ಒಬ್ಬ ಸೈನಿಕ ಕಾಲ್ನಡಿಗೆಯಲ್ಲಿ ಸಿಡ್ನಿಗೆ ಹೊರಟರು. ಬ್ಯಾಂಡಿನಲ್ಲಿ ದೊಡ್ಡ ಡೋಲಿನವನು ನಾನು. ಆ ಡೋಲಿನ ಸದ್ದು ಬರ್ಲಿನ್ನಿಗೆ ಕೇಳಿಸಿತೆಂದು ನಾನಾಗಿ ಹೇಳಿಕೊಳ್ಳುವವನಲ್ಲ. ಕೇಳಿಸಲಿಲ್ಲವೆಂದು ಅಲ್ಲಿಂದ ಇದುವರೆಗೆ ಯಾರೂ ಕಾಗದ ಬರೆದಿಲ್ಲ, ಅಷ್ಟೇ.

ಆಸ್ಟ್ರೇಲಿಯಾ ಒಂದು ದೇಶವೆಂದು ಕಾಗದಪತ್ರವಾಗಿ ಆಗ ಹದಿನೈದು ವರ್ಷ. ಆ ವಯಸ್ಸಿನ ಹುಡುಗರಂತೆ ದೇಶಕ್ಕೂ ದೊಡ್ಡವರ ಜಗಳದಲ್ಲಿ ನುಗ್ಗಿ ಸೈ ಅನ್ನಿಸಿಕೊಳ್ಳುವ ಆಸೆ. ಬೇರೆ ಊರುಗಳಿಂದ ಆಗಲೇ ಮೆರವಣಿಗೆಗಳು ಹೊರಟು, ದಾರಿಯುದ್ದಕ್ಕೂ ಹುಡುಗರನ್ನು ಕೂಡಿಸಿಕೊಳ್ಳುತ್ತ ಸಿಡ್ನಿ ಸೇರುತ್ತಿದ್ದವು. ಮುಂದೆ ನಡೆಯುವ ಮೇಯರುಗಳ ಫೋಟೋ ಪತ್ರಿಕೆಯಲ್ಲಿ ಬರುತ್ತಿತ್ತು. ನಮ್ಮ ಮೇಯರ್, ಗೋಧಿ ವ್ಯಾಪಾರಿ ಥಿಯೋಫಿಲಸ್ ಪ್ರೂಡೋ ಅವರಿಗೆ ಆ ಫೋಟೋ ನೋಡಿ ದೇಶಪ್ರೇಮ ಉಕ್ಕಿತು.

ಸೈನಿಕನ ಹೆಸರು ವಿಲ್ಫ್ ಟ್ರಾಂಟರ್. ಕುರಿಯ ಉಣ್ಣೆ ಕತ್ತರಿಸುವ ಕೆಲಸ, ಮೂವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಜರ್ಮನಿಯ ಮೇಲೆ ಅವನಿಗೆ ವಿಶೇಷ ಸಿಟ್ಟೇನೂ ಇರಲಿಲ್ಲ. ಅವನ ತಮ್ಮ ಲೆಸ್ ಹಿಂದಿನ ವರ್ಷವೇ ಸದ್ದಿಲ್ಲದೆ ರೈಲು ಹತ್ತಿ ಹೋಗಿ ಸೈನ್ಯ ಸೇರಿದ್ದ. ಈಗ ಈಜಿಪ್ಟಿನ ಮರಳಿನಲ್ಲಿದ್ದ. ಸೈನ್ಯದಲ್ಲಿ ಒಂದು ಪದ್ಧತಿ ಇತ್ತು: ಅಣ್ಣನಾದವನು ಹೋಗಿ ಕೇಳಿದರೆ ತಮ್ಮನನ್ನು ಅಣ್ಣನ ತುಕಡಿಗೇ ಬಿಟ್ಟುಕೊಡಬೇಕು. ತಾಯಿ ಎಡಿತಮ್ಮ ಹೇಳಿದ್ದು ಇಷ್ಟೇ: "ಹೋಗಿ ಅವನ್ನ ನಿನ್ನ ಪಕ್ಕಕ್ಕೆ ಹಾಕ್ಕೊ. ಅವನಿಗೆ ತಲೆ ತಗ್ಗಿಸೋ ಅಭ್ಯಾಸ ಇಲ್ಲ."

ವಿಲ್ಫ್ ಅದಕ್ಕೆಂದೇ ಗಂಟು ಕಟ್ಟಿಕೊಂಡು ಸ್ಟೇಷನ್ನಿಗೆ ಬಂದಿದ್ದ. ಸಮಿತಿ ಅವನನ್ನು ಪ್ಲಾಟ್‌ಫಾರಂ ಮೇಲೆ ಹಿಡಿಯಿತು.

"ರೈಲಲ್ಲಿ ಹೋದ್ರೆ ನಾಳೆ ಬೆಳಿಗ್ಗೆ ಸಿಡ್ನಿ, ಯಜಮಾನ್ರೇ," ಅಂದ ವಿಲ್ಫ್.

"ಹಂಗೆ ಯಾರು ಬೇಕಾದ್ರೂ ಹೋಗ್ತಾರಯ್ಯ," ಅಂದರು ಪ್ರೂಡೋ. "ರೈಲಲ್ಲಿ ಹೋದೋನು ಸರ್ಕಾರದ ಸೈನಿಕ. ನಡೆದು ಹೋದೋನು ಮುಂಡರೂ ಸೈನಿಕ. ಅಂದಹಾಗೆ, ನೀನು ಲೆಸ್‌ಗೆ ಅಣ್ಣ ಅಂತ ಸೈನ್ಯದೋರಿಗೆ ಯಾರು ಹೇಳ್ತಾರೆ?"

"ನಾನೇ ಹೇಳ್ತೀನಿ."

"ನಿನ್ನ ಬಾಯ್ಮಾತಿಗೆ ನೀನು ಅಣ್ಣ ಆಗಲ್ಲಪ್ಪ. ಮೇಯರ್ ಪ್ರಮಾಣಪತ್ರ ಬೇಕು. ಸಿಡ್ನೀಲಿ ಕೊಡ್ತೀನಿ."

ಆ ಪ್ರಮಾಣಪತ್ರವನ್ನು ಆಗಲೇ ಬರೆದು, ಸಹಿ ಮಾಡಿ, ಕೋಟಿನ ಒಳಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡರು. ವಿಲ್ಫ್ ಆ ಗುಂಡಿಯ ಹಿಂದೆ ನಾಲ್ಕುನೂರು ಮೈಲಿ ನಡೆದ.

ಮೆರವಣಿಗೆಗೆ ನಿಯಮಗಳಿದ್ದವು. ನಿಯಮ ಮೂರು: ಯಾವುದೇ ಊರು ಔತಣ ಕೊಟ್ಟಲ್ಲಿ ಮೆರವಣಿಗೆಯು ಅದನ್ನು ನಿರಾಕರಿಸತಕ್ಕದ್ದಲ್ಲ. ನಿಯಮ ಐದು: ಔತಣ ಕೊಡದ ಊರಿನಲ್ಲಿ ಅದನ್ನು ನೆನಪಿಸತಕ್ಕದ್ದು. ನಿಯಮ ಏಳು: ಮೂವತ್ತಕ್ಕಿಂತ ಕಡಿಮೆ ಸೈನಿಕರೊಂದಿಗೆ ಸಿಡ್ನಿಯನ್ನು ಪ್ರವೇಶಿಸತಕ್ಕದ್ದಲ್ಲ, ಏಕೆಂದರೆ ಮೇಯರ್ ಅವರು ಪತ್ರಿಕೆಗೆ ಮೂವತ್ತು ಎಂದು ಹೇಳಿಯಾಗಿದೆ.

ಮೊದಲನೆಯ ಊರಿನಲ್ಲಿ ಹುರಿದ ಕುರಿಮಾಂಸದ ಊಟವಾಯಿತು, ಮೂರು ಭಾಷಣಗಳಾದವು, ನಾನು ಡೋಲು ಬಾರಿಸಿದೆ. "ಮುಂದೆ ಬರುವ ಗಂಡಸು ಯಾರು?" ಎಂದು ಪ್ರೂಡೋ ಕೇಳಿದಾಗ ಗಂಡಸರೆಲ್ಲ ಒಂದೊಂದು ಹೆಜ್ಜೆ ಹಿಂದೆ ಹೋದರು. ಜನಕ್ಕೆ ನಾಚಿಕೆ ಜಾಸ್ತಿ, ಮೊದಲನೆಯವನೊಬ್ಬ ಬಂದರೆ ಮಿಕ್ಕವರು ತಾವಾಗಿ ಬರುತ್ತಾರೆ ಎಂದು ಸಮಿತಿ ತೀರ್ಮಾನಿಸಿತು. ಮುಂದಿನ ಊರಿನಲ್ಲಿ ವಿಲ್ಫನಿಗೆ ಆ ಊರಿನದೇ ಒಂದು ಅಂಗಿ ಹಾಕಿಸಿ ಜನರ ನಡುವೆ ನಿಲ್ಲಿಸಲಾಯಿತು. ಅವನು ಮುಂದೆ ಬಂದ. ಹೆಂಗಸರು ಅತ್ತರು, ಒಬ್ಬಳು ಕೆನ್ನೆಗೆ ಮುತ್ತನ್ನೂ ಕೊಟ್ಟಳು. ಮಿಕ್ಕವರು ಚಪ್ಪಾಳೆ ತಟ್ಟಿ ಊಟಕ್ಕೆ ನಡೆದರು.

ಇಲ್ಲಿ ಕಾರ್ಯದರ್ಶಿ ಬರ್ಟ್ ಹ್ಯಾಲೋರನ್ನನ ವಿಷಯ ಹೇಳಬೇಕು. ಶಾಲೆಯ ಮೇಷ್ಟ್ರು, ಸುಳ್ಳು ಬರೆಯದ ಮನುಷ್ಯ. ವೇದಿಕೆಯ ಮೇಲೆ ಒಬ್ಬ ಸೈನ್ಯ ಸೇರಿದ್ದು ನಿಜವಾದ್ದರಿಂದ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದ. ಇಲ್ಲದ ಹೆಸರು ಹುಟ್ಟಿಸುವುದು ಅಪರಾಧವಾದ್ದರಿಂದ ಇದ್ದ ಹೆಸರನ್ನೇ ಬರೆದ: ವಿಲ್ಫ್ ಟ್ರಾಂಟರ್, ತಾಯಿ ಎಡಿತ್. ಮುಂದಿನ ಊರಿನಲ್ಲೂ ಹಾಗೇ ಆಯಿತು. ಅದರ ಮುಂದಿನದರಲ್ಲೂ. ಪಟ್ಟಿ ಬೆಳೆಯಿತು. ಮೂವತ್ತು ಊರು ನೇರ ದಾರಿಯಲ್ಲಿ ಇಲ್ಲವಾದ್ದರಿಂದ ಮೆರವಣಿಗೆ ಒಂದಷ್ಟು ಸುತ್ತು ಹೊಡೆಯಿತು. ಒಮ್ಮೆ ಒಂಬತ್ತು ದಿನ ಪಶ್ಚಿಮಕ್ಕೆ, ಅಂದರೆ ಮನೆಯ ಕಡೆಗೇ, ನಡೆದೆವು. ಅಲ್ಲಿ ಪೀಚ್ ಹಣ್ಣಿನ ಕಾಲ.

ರೈಲು ದಾರಿ ರಸ್ತೆಯ ಪಕ್ಕದಲ್ಲೇ ಇತ್ತು. ಇಂಜಿನ್ನಿನ ಡ್ರೈವರ್ ದಿನಾ ನಮ್ಮನ್ನು ನೋಡಿ ವೇಗ ತಗ್ಗಿಸುತ್ತಿದ್ದ. "ಹತ್ತೋದಿದ್ರೆ ಹತ್ತಪ್ಪ," ಅನ್ನುತ್ತಿದ್ದ ವಿಲ್ಫನಿಗೆ. ವಿಲ್ಫ್ ಪ್ರೂಡೋ ಅವರ ಕೋಟು ನೋಡುತ್ತಿದ್ದ. ರೈಲು ಹೋಗುತ್ತಿತ್ತು.

ಒಂದು ಮಧ್ಯಾಹ್ನ ವಿಲ್ಫ್ ನನ್ನ ಪಕ್ಕದಲ್ಲಿ ಕುಂಟುತ್ತ ಬಂದ.

"ಮಾಮ, ನಾನು ಸೈನ್ಯ ಸೇರಿದ್ದು ಎಷ್ಟು ಸಲ ಆಯ್ತು?"

"ಹದಿನೇಳು."

"ಅದ್ರಲ್ಲಿ ಒಂದು ಸಲಾನಾದ್ರೂ ಹೋಗ್ಬಹುದಾ?"

ಈ ಪ್ರಶ್ನೆಯನ್ನು ನಾನು ಸಮಿತಿಯ ಮುಂದಿಟ್ಟೆ. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಅದೇ ವಾರ ಲೆಸ್‌ನ ಕಾಗದವೂ ಬಂತು: ನಮ್ಮನ್ನು ಫ್ರಾನ್ಸಿಗೆ ಕಳಿಸುತ್ತಾರಂತೆ, ನೀನು ಎಲ್ಲಿದ್ದೀಯ. ಏನು ಉತ್ತರ ಬರೆದೆ ಎಂದು ಕೇಳಿದೆ. "ಊಟಕ್ಕೆ ಕೂತಿದ್ದೀನಿ ಅಂತ," ಅಂದ.

ಏಪ್ರಿಲ್ ಮೊದಲ ವಾರ ನಾವು ಸಿಡ್ನಿ ಮುಟ್ಟಿದೆವು. ಔತಣ ಉಂಡು ಸಮಿತಿಯವರ ಸೊಂಟಪಟ್ಟಿಗೆ ತುದಿಯ ಕಡೆ ಒಟ್ಟು ಮೂವತ್ತೊಂದು ಹೊಸ ತೂತು ಬಿದ್ದಿದ್ದವು. ಪ್ರೂಡೋ ಅವರ ಫೋಟೋ ತೆಗೆದರು. ಸೈನ್ಯದ ವೈದ್ಯ ವಿಲ್ಫನ ಬೂಟು ಬಿಚ್ಚಿಸಿ ಪಾದ ನೋಡಿದ. ಅಂಗಾಲು ಚಪ್ಪಟೆಯಾಗಿ, ಎರಡು ಬೆರಳು ಮಡಚಿಕೊಂಡು, ಚರ್ಮ ಎಲ್ಲಿ ಮುಗಿಯಿತು ಬೂಟು ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ.

"ಈ ಕಾಲಲ್ಲಿ ಇವನು ನಡೆಯೋಕಾಗಲ್ಲ," ಅಂದ ವೈದ್ಯ. ಅನರ್ಹ ಎಂದು ಮುದ್ರೆ ಒತ್ತಿದ.

ಉಳಿದ ಇಪ್ಪತ್ತೊಂಬತ್ತು ಮಂದಿ ವೈದ್ಯರ ಮುಂದೆ ಹಾಜರಾಗದ ಕಾರಣ ಅವರಲ್ಲಿ ಯಾವ ದೋಷವೂ ಕಂಡುಬರಲಿಲ್ಲ. ಅವರನ್ನು ಸೈನ್ಯಕ್ಕೆ ತೆಗೆದುಕೊಂಡು ಹಡಗು ಹತ್ತಿಸಲಾಯಿತು. ಪ್ರೂಡೋ ಕೊಟ್ಟ ಮಾತಿಗೆ ತಪ್ಪುವವರಲ್ಲ. ಗುಂಡಿ ಬಿಚ್ಚಿ ಪ್ರಮಾಣಪತ್ರ ತೆಗೆದುಕೊಟ್ಟರು. "ತಗೊಳಯ್ಯ. ಇವತ್ತಿಂದ ನೀನು ಅಧಿಕೃತವಾಗಿ ಅಣ್ಣ."

ಎಲ್ಲರೂ ರೈಲಿನಲ್ಲಿ ಊರಿಗೆ ಮರಳಿದೆವು. ಮಾರನೆಯ ಬೆಳಿಗ್ಗೆ ಮನೆಯಲ್ಲಿದ್ದೆವು.

ಆಮೇಲೆ ನಡೆದದ್ದೆಲ್ಲ ಕ್ರಮಬದ್ಧವಾಗಿಯೇ ನಡೆಯಿತು. ಯುದ್ಧಕ್ಕೆ ಹೋಗದ ಹೇಡಿಗಳಿಗೆ ಬಿಳಿ ಪುಕ್ಕ ಕಳಿಸುವ ರೂಢಿಯಂತೆ ವಿಲ್ಫನಿಗೂ ಅಂಚೆಯಲ್ಲಿ ಒಂದು ಪುಕ್ಕ ಬಂತು. ಕಳಿಸಿದವಳು ಎರಡನೆಯ ಊರಿನಲ್ಲಿ ಮುತ್ತು ಕೊಟ್ಟವಳೇ. ಜುಲೈ ಕೊನೆಯಲ್ಲಿ ಪಾದ್ರಿಗಳು ಟ್ರಾಂಟರ್ ಮನೆಯ ಗೇಟಿನ ಹತ್ತಿರ ಟೊಪ್ಪಿಗೆ ತೆಗೆದು ನಿಂತರು. ಆ ದಿನಗಳಲ್ಲಿ ಪಾದ್ರಿ ಗೇಟಿನಲ್ಲಿ ಟೊಪ್ಪಿಗೆ ತೆಗೆದರೆ ಬಾಯಿ ತೆರೆಯುವ ಅಗತ್ಯ ಇರಲಿಲ್ಲ. ಲೆಸ್ ಫ್ರಾನ್ಸಿನಲ್ಲಿ ತಲೆ ತಗ್ಗಿಸಿರಲಿಲ್ಲ.

ಇಪ್ಪತ್ತೊಂಬತ್ತು ವಿಲ್ಫರು ಮಾತ್ರ ಕೊನೆಯವರೆಗೂ ಹೋರಾಡಿದರು. ಕಾಯಿಲೆ ಇಲ್ಲ, ಅವಿಧೇಯತೆ ಇಲ್ಲ, ಒಬ್ಬನಿಗೂ ಗಾಯವಿಲ್ಲ. ಅಂಥ ಸೈನಿಕರನ್ನು ಬೇರೆ ಯಾವ ಊರೂ ಕೊಟ್ಟಿಲ್ಲವೆಂದು ಮೇಲಧಿಕಾರಿಗಳಿಂದ ಪ್ರಶಂಸಾಪತ್ರ ಬಂತು. ಅದರಲ್ಲಿ ನನ್ನ ಡೋಲಿನ ಹೆಸರಿಲ್ಲ. ನಾನು ಅದನ್ನು ದೊಡ್ಡದು ಮಾಡಲಿಲ್ಲ.

ಸೈನಿಕರ ತಾಯಂದಿರಿಗೆ ಸರ್ಕಾರ ಒಂದು ಬಿಲ್ಲೆ ಕೊಡುತ್ತಿತ್ತು, ಎದೆಗೆ ಚುಚ್ಚಿಕೊಳ್ಳಲು. ಕಳಿಸಿದ ಮಕ್ಕಳ ಲೆಕ್ಕಕ್ಕೆ ಅದರ ಕೆಳಗೆ ಚಿಕ್ಕ ಚಿಕ್ಕ ಲೋಹದ ಪಟ್ಟಿ ತೂಗುಬಿಡುತ್ತಿದ್ದರು. ಲೆಸ್ ಹೋದಾಗ ಎಡಿತಮ್ಮನಿಗೆ ಬಂದಿದ್ದ ಬಿಲ್ಲೆಯನ್ನು ಕಚೇರಿಯವರು ವಾಪಸು ತರಿಸಿಕೊಂಡರು, ಅದು ಅಷ್ಟು ಭಾರ ತಾಳದು ಎಂದು. ಬದಲಿಗೆ ರಿಜಿಸ್ಟರಿನ ಮೂವತ್ತು ಸಾಲಿಗೆ ಲೆಸ್‌ನನ್ನೂ ಕೂಡಿಸಿ ಮೂವತ್ತೊಂದು ಪಟ್ಟಿಗಳಿರುವ ಹೊಸದು ಬಂತು. ಭುಜದಲ್ಲಿ ಚುಚ್ಚಿದರೆ ಮಂಡಿಗೆ ಬರುತ್ತಿತ್ತು.

ಯುದ್ಧ ಮುಗಿದು ಎರಡನೆಯ ವರ್ಷ ಊರಿನ ನಡುವೆ ಮೆರವಣಿಗೆಯ ಸ್ಮಾರಕದ ಕಲ್ಲು ನಿಂತಿತು. ಮೇಲೆ ಪ್ರೂಡೋ ಹೆಸರು, ಕೆಳಗೆ ವಿಲ್ಫ್ ಟ್ರಾಂಟರ್, ಮೂವತ್ತು ಸಲ. ವಿಲ್ಫ್ ಟೊಪ್ಪಿಗೆ ಕೈಯಲ್ಲಿ ಹಿಡಿದು ಸಮಿತಿಯ ಮುಂದೆ ಬಂದ.

"ನನ್ನದೊಂದು ಅಳಿಸಿ ಅಲ್ಲಿ ಲೆಸ್‌ದು ಹಾಕಿ ಯಜಮಾನ್ರೇ. ಒಂದೇ ಒಂದು."

ಪ್ರೂಡೋ ರಿಜಿಸ್ಟರು ತರಿಸಿ ಮೂವತ್ತು ಸಾಲಿನ ಮೇಲೂ ಬೆರಳಾಡಿಸಿದರು. ಕಲ್ಲಿನಂಥ ಮನುಷ್ಯರೇನಲ್ಲ. "ಯಾವುದನ್ನ ಅಳಿಸಲಪ್ಪ? ಇವರು ಮೂವತ್ತು ಜನಾನೂ ನಡೆದಿದ್ದಾರೆ. ಲೆಸ್ ಒಳ್ಳೆ ಹುಡುಗ, ಇಲ್ಲ ಅನ್ನಲ್ಲ. ಆದ್ರೆ ರೈಲಲ್ಲಿ ಹೋದ."

ವಿಲ್ಫ್ ಟೊಪ್ಪಿಗೆ ಹಾಕಿಕೊಂಡ.

ದೇಶವೆಲ್ಲ ಮಡಿದ ಸೈನಿಕರನ್ನು ನೆನೆಯುವ ದಿನವಾದ ಏಪ್ರಿಲ್ ಇಪ್ಪತ್ತೈದರಂದು ಕಲ್ಲಿನ ಅನಾವರಣವಾಯಿತು. ಎಡಿತಮ್ಮ ಕಪ್ಪು ಬಟ್ಟೆಯಲ್ಲಿ ಬಂದರು, ಹೆಜ್ಜೆಗೊಂದು ಸಲ ಬಿಲ್ಲೆ ಗಲಗಲ ಎನ್ನುತ್ತಿತ್ತು. ಒಂದೇ ಮನೆಯಿಂದ ಮೂವತ್ತೊಂದು ಗಂಡುಮಕ್ಕಳನ್ನು ಕೊಟ್ಟ ತಾಯಿ ಎಂದು ಜನ ದಾರಿ ಬಿಟ್ಟರು. ಅವರು ಕಲ್ಲನ್ನು ಮೇಲಿನಿಂದ ಕೆಳಗೆ ಓದಿದರು. ಆಮೇಲೆ ನೇರ ನನ್ನ ಡೋಲಿನ ಮುಂದೆ ಬಂದು ನಿಂತರು.

"ನೀನು ಎಲ್ಲಾ ತಿಳಿದೋನು ಅಂತ ಹೇಳ್ಕೊಂಡು ತಿರುಗ್ತೀಯಲ್ಲ," ಅಂದರು. ಪಟ್ಟಿಗಳನ್ನು ಎರಡು ಕೈಯಲ್ಲೂ ಎತ್ತಿ ಹಿಡಿದರು. "ಇದ್ರಲ್ಲಿ ನನ್ನ ಲೆಸ್ ಯಾವುದು ಹೇಳು."

ನಾನು ಡೋಲಿನ ಕೋಲು ಕಂಕುಳಲ್ಲಿ ಸಿಕ್ಕಿಸಿಕೊಂಡು ಪಟ್ಟಿಗಳನ್ನು ಕೊನೆಯವರೆಗೂ ಎಣಿಸಿದೆ.

"ಕಡೇದು, ಎಡಿತಮ್ಮ," ಅಂದೆ.

ಮುಂದಿನ ಸಭೆಯಲ್ಲಿ ಅದು ಠರಾವಾಯಿತು: ಸದರಿ ಬಿಲ್ಲೆಯ ಕೊನೆಯ ಪಟ್ಟಿಯನ್ನು ಲೆಸ್ ಟ್ರಾಂಟರ್ ಎಂದು ಪರಿಗಣಿಸತಕ್ಕದ್ದು. ಪ್ರೂಡೋ ಮಂಡಿಸಿದರು, ವಿಲ್ಫ್ ಅನುಮೋದಿಸಿದ, ಯಾರ ವಿರೋಧವೂ ಇರಲಿಲ್ಲ. ಅಂದಿನಿಂದ ಪ್ರತಿ ಏಪ್ರಿಲ್‌ನಲ್ಲಿ ಹೆಸರು ಓದುವಾಗ ವಿಲ್ಫ್ ಮೂವತ್ತು ಸಲ ಹಾಜರ್ ಅನ್ನುತ್ತಾನೆ. ಎಡಿತಮ್ಮ ಕೊನೆಯ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಾರೆ, ಅದೊಂದು ಸದ್ದು ಮಾಡಬಾರದು ಎಂದು. ಉಳಿದ ಮೂವತ್ತು ಗಾಳಿಗೆ ಗಲಗಲಿಸುತ್ತವೆ. ಆ ತಾಳ ನೋಡಿಕೊಂಡು ನಾನು ಡೋಲು ಬಾರಿಸುತ್ತೇನೆ.