ನೆರಳಿಗೆ ಕೂತ ಸೋಲಾರ್

ಬನಹಟ್ಟಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ವಿದ್ಯುತ್ತಿನ ಪಾಠವೆಂದರೆ ನನಗೆ ಅಂಗೈ ನೆಲ್ಲಿಕಾಯಿ. ಹೀಗಿರುವಾಗ ಚಿಕ್ಕಪಡಸಲಗಿಯ ಹಿನ್ನೀರು ದಾಟಿ ಹೊಲಕ್ಕೆ ಹೋಗಲು ನಮ್ಮ ಮೈದುನ ಸಿದ್ದಪ್ಪ ಇನ್ನೂ ಹುಟ್ಟು ಹಾಕುತ್ತ ದೋಣಿ ನಡೆಸುವುದು ನನ್ನ ಪಾಲಿಗೆ ವೈಯಕ್ತಿಕ ಅವಮಾನವಾಗಿತ್ತು. ಬ್ಯಾಟರಿ ತರಿಸಿದೆ. ಪುಟ್ಟ ಮೋಟಾರು ತರಿಸಿದೆ. ದೋಣಿಯ ಹಿಂಭಾಗದಲ್ಲಿ ಸೋಲಾರ್ ಪ್ಲೇಟು ಕೂರಿಸಿದೆ.

"ಹುಟ್ಟು ಒಂದ ಇರಲಿ ವೈನಿ," ಅಂದ ಸಿದ್ದಪ್ಪ.

"ಯಾಕ, ವಿಜ್ಞಾನದ ಮ್ಯಾಲ ನಂಬಿಕಿ ಇಲ್ಲೇನು?"

ಹುಟ್ಟುಗಳು ದಂಡೆಯಲ್ಲೇ ಉಳಿದವು.

ಭಾನುವಾರ ಅತ್ತೆಯನ್ನು ಆಚೆ ದಂಡೆಯ ಬೀರಪ್ಪನ ಗುಡಿಗೆ ಕರೆದೊಯ್ಯಬೇಕಿತ್ತು. ಹೋಳಿಗೆಯ ನೈವೇದ್ಯ ಅವರ ಬಹುದಿನದ ಹರಕೆ. ಹನ್ನೆರಡಕ್ಕೆ ಪೂಜಾರಿ ಬಾಗಿಲು ಹಾಕುತ್ತಾನೆ. ನಾವು ಒಂಬತ್ತಕ್ಕೇ ಹೊರಟೆವು: ಅತ್ತೆ, ಯಜಮಾನರು, ಸಿದ್ದಪ್ಪ ಮತ್ತು ವಿಜ್ಞಾನ ಸಮೇತಳಾದ ನಾನು.

ನಡುನೀರಿಗೆ ಬರುವಷ್ಟರಲ್ಲಿ ಬ್ಯಾಟರಿಯ ಮೀಟರು ಕೆಂಪಾಯಿತು. ಹಿಂದಿನ ಸಂಜೆ ದೋಣಿ ನೋಡಲು ಬಂದವರಿಗೆಲ್ಲ ನಾನೇ ಮೋಟಾರು ತಿರುಗಿಸಿ ತೋರಿಸಿದ್ದೆ!

"ಗಾಬರಿ ಬ್ಯಾಡ. ಲಂಗರ ಹಾಕು. ಒಂದ ತಾಸ ನಿಂತರ ಬಿಸಲ ತಾನ ತುಂಬತೈತಿ," ಎಂದೆ.

ಹಗ್ಗಕ್ಕೆ ಕಟ್ಟಿದ ದೊಡ್ಡ ಕಲ್ಲೇ ನಮ್ಮ ಲಂಗರು. ಸಿದ್ದಪ್ಪ ಅದನ್ನು ನೀರಿಗೆ ಇಳಿಸಿದ. ದೋಣಿ ನಿಂತಿತು.

ಬಿಸಿಲು ಚುರುಗುಟ್ಟುತ್ತಿತ್ತು. ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದರು. ಸೊಸೆಯ ಕರ್ತವ್ಯ ಮರೆಯಲಾದೀತೇ? ಹಿಂದಿನ ಕಂಬದಿಂದ ಮುಂದಿನ ಕಂಬದವರೆಗೆ ಚಾದರ ಎಳೆದು ಕಟ್ಟಿ ಇಡೀ ದೋಣಿಗೆ ಚಪ್ಪರ ಮಾಡಿದೆ. ಆ ತಂಪಿನಲ್ಲಿ ಕೂತು, ಬಿಸಿಲಿನಿಂದ ಕರೆಂಟು ಹೇಗೆ ಹುಟ್ಟುತ್ತದೆಂದು ಅತ್ತೆಗೆ ಪಾಠ ಮಾಡಿದೆ. ಬರೋಬ್ಬರಿ ಒಂದು ತಾಸು! ಮೀಟರು ಮಾತ್ರ ಕೆಂಪಗೇ ಇತ್ತು.

ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಲ್ಲ ಕೇಳಿ ಮೆಲ್ಲಗೆ ಅಂದರು, "ಅಲ್ಲವ್ವಾ, ಆ ಪ್ಲೇಟ ಬಿಸಲ ಉಣ್ಣತೈತಿ ಅಂತಿ. ಮತ್ತ ಅದನ್ನೂ ನಮ್ಮ ಸಂಗಾಟ ನೆಳ್ಳಾಗ ಕುಂದ್ರಿಸೀದಿ. ಏನ ಉಣಬೇಕ ಅದು?"

ಯಜಮಾನರು ಹೋಳಿಗೆ ಡಬ್ಬಿಯ ಹಿಂದೆ ಮುಖ ಮರೆಸಿಕೊಂಡರು.

ಚಾದರ ಬಿಚ್ಚಿದೆ. ಅತ್ತೆಗೆ ಛತ್ರಿ ಹಿಡಿದೆ. ಹನ್ನೊಂದೂವರೆಗೆ ಮೀಟರಿನಲ್ಲಿ ಒಂದು ಹಸಿರು ಗೆರೆ ಮೂಡಿತು. ಒಂದೇ ಗೆರೆ, ಆದರೆ ಆಚೆ ದಂಡೆ ಮುಟ್ಟಲು ಸಾಕು.

"ಈಗ ನೋಡ್ರಿ!" ಎಂದು ಮೋಟಾರು ಹಾಕಿದೆ.

ನೀರು ನೊರೆನೊರೆಯಾಯಿತು. ದೋಣಿ ಗುದ್ದಾಡಿತು. ಗುಡಿ ಇದ್ದಷ್ಟೇ ದೂರದಲ್ಲಿತ್ತು. ವೇಗವನ್ನು ಪೂರ್ತಿ ಏರಿಸಿದೆ. ಗುಡಿ ಅಲ್ಲೇ!

"ಎದುರ ಗಾಳಿ ಭಾಳ ಐತಿ," ಎಂದು ವೈಜ್ಞಾನಿಕ ಕಾರಣ ಕೊಟ್ಟೆ.

"ಗಾಳಿ ಅಲ್ರಿ ವೈನಿ," ಸಿದ್ದಪ್ಪ ಸಂಕೋಚದಿಂದ ಅಂದ, "ಕಲ್ಲ ಎತ್ತಿಲ್ಲ."

"ಮೊದಲ ಹೇಳಾಕ ಏನಾಗಿತ್ತೋ?"

"ನೀವು ಏನರ ಪ್ರಯೋಗ ಮಾಡಾಕತ್ತೀರಿ ಅಂತ ಸುಮ್ಮನ ಇದ್ನಿರಿ."

ಕಲ್ಲು ಮೇಲೆ ಬಂತು. ಅಷ್ಟರಲ್ಲಿ ಮೋಟಾರು ಒಮ್ಮೆ ಗೊರಗುಟ್ಟಿ ನಿಂತಿತು.

ಹನ್ನೆರಡಕ್ಕೆ ಪೂಜಾರಿ ಬಾಗಿಲು ಹಾಕುವುದು ನಾವು ಕೂತಲ್ಲಿಂದಲೇ ಕಾಣುತ್ತಿತ್ತು. ಅತ್ತೆ ಹೋಳಿಗೆ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡರು.

ಕೊನೆಗೆ ತೆಪ್ಪದಲ್ಲಿ ಬಲೆ ಬಿಡುತ್ತಿದ್ದ ಮೀನುಗಾರನೊಬ್ಬ ನಮ್ಮ ದೋಣಿಗೆ ಹಗ್ಗ ಕಟ್ಟಿ ಆಚೆಗೆ ಎಳೆದೊಯ್ದ. ಅತ್ತೆ ಮುಚ್ಚಿದ ಬಾಗಿಲ ಮುಂದೆಯೇ ನೈವೇದ್ಯ ಹಿಡಿದರು. "ಬೀರಪ್ಪಗ ವಾಸನಿ ಗೊತ್ತಾಗತೈತಿ ಬಿಡು," ಎಂದು ಮೊದಲ ಹೋಳಿಗೆಯನ್ನು ಮೀನುಗಾರನ ಕೈಗಿಟ್ಟರು.

ಅವನು ತಿನ್ನುತ್ತ ಪ್ಲೇಟಿನ ಕಡೆ ನೋಡಿದ. "ಇದನ್ನ ಯಾರ ಕೂಡಿಸ್ಯಾರ್ರೀ?"

"ನಮ್ಮ ಸೊಸಿ. ಬನಹಟ್ಟಿ ಹೈಸ್ಕೂಲದಾಗ ಅಕ್ಕೋರ ಅದಾಳ," ಅತ್ತೆ ಹೆಮ್ಮೆಯಿಂದಲೇ ಹೇಳಿದರು.

"ಹೌದ್ರಿ? ನನ್ನ ಮಗಳನ್ನೂ ಅಲ್ಲೇ ಹಚ್ಚಬೇಕಂತ ಮಾಡೇನ್ರಿ. ನೀವು ಏನ ಕಲಸ್ತೀರಿ ಅಕ್ಕೋರ?"

ಯಜಮಾನರ ಕಡೆ ನೋಡಿದೆ. ಅವರು ಆಕಾಶ ನೋಡುತ್ತಿದ್ದರು.

"ಕನ್ನಡ," ಅಂದೆ.