ಸಣ್ಣ ರೈಲಿನ ಸ್ಟಾಪು, ದೊಡ್ಡ ಬೀಗಪ್ಪ

ರೈಲು ಇನ್ನಾ ಬಂದಿಲ್ಲ, ಹಳಿನೂ ಹಾಕಿಲ್ಲ, ಆದ್ರ ಅದರ ಹೆಸರ್ಲೆ ನಮ್ಮೂರಾಗ ಒಂದಿಲ್ಲೊಂದು ಪಜೀತಿ ಆಗೂದು ತಪ್ಪಿಲ್ಲ. ಹೊಸಪ್ಯಾಟಿಯಿಂದ ಕಂಪ್ಲಿ ಮಟ ಸಣ್ಣ ರೈಲು ಬಿಡ್ತಾರಂತ. ಎರಡ ಡಬ್ಬಿ, ಬಸ್ಸಿನಂಗ ಊರೂರಿಗೆ ನಿಂದ್ರತೈತಂತ. ನಮ್ಮೂರಿಗೆ ಮಾತ್ರ ಒಂದ ಸ್ಟಾಪು. ಅದಕ್ಕ ಮೂರು ಜಾಗ ನೋಡ್ಯಾರ: ನಮ್ಮ ಕೆಳಗಿನ ಓಣಿ, ಮ್ಯಾಲಿನ ಓಣಿ, ಇಲ್ಲಾಂದ್ರ ಕಾಲುವಿ ದಂಡಿ. ಕಾಲುವಿ ದಂಡಿಗೆ ಭತ್ತದ ನಾಟಿ ಹಚ್ಚೋ ಕೂಲಿ ಮಂದಿ ಇರ್ತಾರ.

ಕೆಳಗಿನ ಓಣಿಯಾಗ ನನ್ನ ಹೆಂಡ್ತಿ ಮಿರ್ಚಿ ಭಜಿ ಅಂಗಡಿ ಐತಿ. ಬೈಪಾಸ್ ಆದಮ್ಯಾಲ ಬಸ್ಸು ಇತ್ತಾಗ ಬರೂದು ಬಿಟ್ಟಾವು, ಮಧ್ಯಾಹ್ನಕ್ಕ ಬಾಣಲಿ ಆರಿ ಕುಂತಿರ್ತೈತಿ. ಸ್ಟಾಪು ಬರ್ಲಿಲ್ಲಂದ್ರ ಅಂಗಡಿ ಮುಚ್ಚೂದ ಗತಿ. ಮ್ಯಾಲಿನ ಓಣಿಯಾಗ ನಮ್ಮ ಬೀಗಂದು ಚಾದ ಹೋಟ್ಲು. ಅವನ ಮಗಳನ್ನ ನನ್ನ ಮಗಗ ತಂದೀವಿ. ಹುಡುಗಿ ಬಂಗಾರದಂಥಾಕಿ. ಅವರಪ್ಪನ ಸುದ್ದಿ ಬ್ಯಾಡ್ರಿ.

ನಾನು ಮೂರನೇತ್ತಕ್ಕ ಸಾಲಿ ಬಿಟ್ಟಾಂವ. ಆದ್ರ ಸಂಡೂರು ಗುಡ್ಡದಾಗ ಅದಿರಿನ ಲಾರಿ ಹೊಡ್ದಾಂವ. ನಾ ಹಾರ್ನ್ ಹೊಡದ್ರ ಗುಡ್ಡಾನ ಸರದು ದಾರಿ ಬಿಡ್ತಿತ್ತು. ಇಂಥಾವನ ಮುಂದ ನಿಂದ್ರದ ರೈಲು, ಕುಂತಲ್ಲೇ ಚಾ ಸೋಸಾವನ ಮುಂದ ನಿಂದ್ರತೈತಂದ್ರ ನ್ಯಾಯ ಏನ್ರಿ?

ರಂಗೋಲಿ ನಕ್ಷಾ

ಮೊದ್ಲು ಒಬ್ಬಾಕಿ ಮೇಡಮ್ಮ ಬಂದ್ಳು. ರೈಲಿನ ಲಾಭ ಬರೇ ದೊಡ್ಡ ಮಂದಿಗೆ ಹೋಗಬಾರ್ದು, ಎಲ್ಲಾರಿಗೂ ಸಮ ಸಿಗಬೇಕು, ಅದನ್ನ ನೋಡೂದ ಆಕಿ ಕೆಲಸ ಅಂತ. ಚಾವಡಿ ಮುಂದ ಎಲ್ಲಾರ್ನೂ ಕುಂದ್ರಿಸಿ, ನಿಮ್ಮೂರನ್ನ ನೀವ ನೆಲದ ಮ್ಯಾಲ ರಂಗೋಲಿ ಪುಡಿಲೆ ಬರೀರಿ ಅಂದ್ಳು.

ಮುಂದ ಹೋದಾಂವ ನಾನ. ಇಡೀ ಸಂಡೂರು ಘಾಟು ತಲ್ಯಾಗ ಐತಿ ನಂಗ, ಊರು ಯಾವ ಲೆಕ್ಕ? ರೋಡು ಎಳದೆ, ಕಾಲುವಿ ಎಳದೆ. ನಮ್ಮ ಮಿರ್ಚಿ ಅಂಗಡಿ ಕೆರಿಗಿಂತ ತುಸು ದೊಡ್ಡದಾತು, ಕೈ ಜಾರಿರ್ಬೇಕು. ಬೀಗನ ಹೋಟ್ಲಿಗೆ ಒಂದು ಚುಕ್ಕಿ ಇಟ್ಟೆ.

ಬೀಗ ಚುಕ್ಕಿ ನೋಡಿದ. ಹೋಗಿ ಹೆಂಡ್ತೀನ್ನ ಕರಕೊಂಡು ಬಂದ. ಆ ಬೀಗ್ತಿ ಕೈ ಅಂದ್ರ ರಂಗೋಲಿಗೆ ಸುತ್ತ ನಾಕೂರಾಗ ಜೋಡಿ ಇಲ್ಲ. ನನ್ನ ಚುಕ್ಕಿ ಸುತ್ತ ಕಮಲ ಬಿಡಿಸಿದ್ಳು, ಎರಡು ನವಿಲು ನಿಂದ್ರಿಸಿದ್ಳು, ಮ್ಯಾಲ ಅರಿಷಿಣ ಕುಂಕುಮ ಉದುರಿಸಿದ್ಳು.

ಮೇಡಮ್ಮ ಫೋಟೋ ಹೊಡಕೊಂಡು ನನ್ನ ಕೇಳಿದ್ಳು, "ಅಜ್ಜಾರ, ಈ ಗುಡಿ ಭಾಳ ಹಳೇದೇನ್ರಿ? ಹಂಪಿ ಕಾಲದ್ದೇನು?"

ಅದು ಗುಡಿ ಅಲ್ಲ ಅನ್ನೂ ಮಾತು ಬಾಯಿ ಮಟ ಬಂತು. ಆದ್ರ ಬೀಗ್ತಿ ಎದುರಿಗೆ ಏನನ್ನಾಕ ಬರ್ತೈತಿ? "ಹೌದವ್ವ, ಆದ್ರ ದೇವ್ರು ಮುಂಜಾನಿ ಎದ್ದು ಚಾ ಕಾಸ್ತಾನ" ಅಂದೆ.

ಮಂದಿ ಎಣಿಕಿ

ಆಮ್ಯಾಲ ಒಬ್ಬಾಂವ ಎಣಸಾವ ಬಂದ. ಯಾವ ಜಾಗದಾಗ ಎಷ್ಟು ಮಂದಿ ಬಂದು ನಿಂದ್ರತಾರ ಅಂತ ಕುರ್ಚಿ ಹಾಕ್ಕೊಂಡು ಇಡೀ ದಿನ ಬರ್ಕೊಳ್ಳಾವ. ಈ ಸುದ್ದಿ ನನಗ ಹಿಂದಿನ ದಿನಾನ ತಿಳೀತು. ತಿಳೀದ ಇರ್ತೈತಾ? ನಾ ಯಾರು.

ಹೆಂಡ್ತಿಗೆ ಹೇಳಿದೆ, ನಾಳಿಗೆ ಬಂದೋರಿಗೆಲ್ಲಾ ಮಿರ್ಚಿ ಪುಕ್ಕಟೆ. ಊರಿಗೆ ಊರ ನಮ್ಮ ಓಣಿಗೆ ಬಂತು. ಜಾತ್ರಿ ಆದಂಗಾತು. ನಾ ಮೀಸಿ ತಿರುವಿಕೊಂತ ಎಣಸಾವನ ಪಕ್ಕಕ್ಕ ನಿಂತೆ.

ಮಿರ್ಚಿ ತಿಂದೋರು ಹಾ ಹೂ ಅಂತ ಬಾಯಿ ಊದಿಕೊಂತ ಮ್ಯಾಲಿನ ಓಣಿಗೆ ಹೊಂಟ್ರು. ನೋಡಿದ್ರ ಬೀಗ ಅಲ್ಲಿ ಚಾ ಪುಕ್ಕಟೆ ಇಟ್ಟಾನ. ಕುಡದು ನಾಲಿಗಿ ತಣ್ಣಗಾದಮ್ಯಾಲ ಮತ್ತ ನಮ್ಮ ಕಡೀಗ. ಸಂಜಿ ಮಟ ಅದ ಮಂದಿ ಹೋದ್ರು, ಬಂದ್ರು, ಹೋದ್ರು.

ಎಣಸಾವ ಕಡೀಗ ಏನ್ ಬರದಾನ ಗೊತ್ತೈತೇನು? 'ಈ ಊರಾಗ ಯಾರೂ ಎಲ್ಲೂ ನಿಂದ್ರೂದಿಲ್ಲ. ಇವರಿಗೆ ರೈಲು ಬ್ಯಾಡ, ನಡ್ಯಾಕ ಒಂದು ಫುಟ್‌ಪಾತ್ ಸಾಕು.'

ಹಿಂದಿನ ಸಾಲು

ಹೊಸಪ್ಯಾಟ್ಯಾಗ ಒಂದು ದೊಡ್ಡ ಮೀಟಿಂಗ್ ಆತು. ಯಾವಾಗ್ಲೂ ಮಾತಾಡೋರು ಹಿಂದ ಕುಂದ್ರಿ, ಯಾವತ್ತೂ ಬಾಯಿ ಬಿಡದೋರು ಮುಂದ ಬರ್ರಿ ಅಂದ್ಳು ಮೇಡಮ್ಮ. ಕಾಲುವಿ ದಂಡಿ ಹೆಣಮಕ್ಳು ಮುಂದ ಕುಂತ್ರು. ಬಸ್ಸಿಗೆ ಎರಡು ಮೈಲಿ ನಡೀಬೇಕು, ಬಸರಿ ಹೆಣಮಗಳಿಗೆ ಬ್ಯಾನಿ ಬಂದ್ರ ಟ್ರ್ಯಾಕ್ಟರೇ ಗತಿ ಅಂತ ಒಬ್ಬಾಕಿ ನಾಟಿ ಮೇಸ್ತ್ರಿ ಹೇಳಿದ್ಳು. ಸುಳ್ಳಲ್ಲ ಆ ಮಾತು. ನಾನೂ ಗೋಣು ಹಾಕಿದೆ.

ನನಗ ಸಿಟ್ಟು ಬಂದದ್ದು ಬ್ಯಾರೇದಕ್ಕ. ಹಿಂದ ಕುಂದ್ರೋರ ಪಟ್ಟಿ ಗ್ವಾಡಿಗೆ ಹಚ್ಚಿದ್ರು. ಮಗನ ಕೈಲೆ ಓದಿಸಿದೆ. ಊರಾಗ ಹೆಚ್ಚು ಮಾತಾಡೋರ ಒಳಗ ಮೊದಲ್ನೇ ಹೆಸರು ಬೀಗಂದು, ಎರಡನೇದು ನಂದು. ಐವತ್ತು ವರ್ಷ ಗಂಟ್ಲ ಹರಕೊಂಡಾಂವ ನಾನು, ಹೆಸರು ಅವಗ.

ಬೀಗರ ಮರ್ಯಾದಿ

ಕಡೀ ಮೀಟಿಂಗ್ ನಮ್ಮ ಚಾವಡಿ ಮುಂದನ ಆತು. ದೊಡ್ಡ ಸಾಹೇಬ ಬಂದಿದ್ದ, ದೂರದ ಸೀಮಿಯಾಂವ. ಕನ್ನಡ ಕಲ್ತಾನ, ನಮ್ಮ ರೀತಿ ರಿವಾಜು ಕಲ್ತಿಲ್ಲ.

ನಮ್ಮ ಕಡೆ ಬೀಗರು ಅಂದ್ರ ಹೆಂಗ ಗೊತ್ತೇನು? ಒಳಗ ಎಷ್ಟ ಉರೀಲಿ, ನಾಕ ಮಂದ್ಯಾಗ ಬೀಗನ ಮುಂದ 'ನಂಗ ಬೇಕು' ಅನ್ನಂಗಿಲ್ಲ. ಊಟಕ್ಕ ಕುಂತ್ರ ಹೋಳಿಗಿ ಮ್ಯಾಲ ಆಸಿ ಇದ್ರೂ ಎಲಿಗೆ ಕೈ ಅಡ್ಡ ಹಿಡದು ಸಾಕ್ರಿ ಅನ್ನಬೇಕು. ಅವರು ಕೈ ಸರಿಸಿ ನೀಡಬೇಕು. ಮೂರು ಸಲ ಹಿಂಗ ಜಗ್ಗಾಡಿದ ಮ್ಯಾಲ ತಿನ್ನೂದು.

ಸಾಹೇಬ ನನ್ನ ಕೇಳಿದ, ನಿಮ್ಮ ಓಣಿಗೆ ಸ್ಟಾಪು ಬೇಕೇನು ಅಂತ. ಬೀಗ ಎದುರಿಗೆ ಕುಂತಾನ. ಮರ್ಯಾದಿಗೆ ಅಂದೆ, "ನಮಗ್ಯಾಕ್ರಿ? ಬೀಗರ ಕಡೀಗ ಆಗ್ಲಿ."

ಸಾಹೇಬ ತಲಿ ಬಗ್ಗಿಸಿ ಬರ್ಕೊಂಡ.

ಈಗ ಬೀಗ 'ಇಲ್ರಿ, ನಿಮ್ಮ ಕಡೀಗನ ಆಗ್ಲಿ' ಅನ್ನಬೇಕು. ಅಂದ. ಭಾಳ ಚಂದಾಗಿ, ಕೈ ಮುಗುದು ಅಂದ. "ಛೇ, ದೊಡ್ಡೋರು ನೀವು. ನಮ್ಮ ಓಣಿಗೆ ಬ್ಯಾಡ ಬಿಡ್ರಿ."

ಸಾಹೇಬ ಅದನ್ನೂ ಬರ್ಕೊಂಡ.

ಎರಡನೇ ಸುತ್ತಿಗೆ ನಾ ಬಾಯಿ ತೆಗ್ಯಾಕ ಹತ್ತಿದ್ದೆ, ಸಾಹೇಬ ಕಾಲುವಿ ದಂಡಿ ಕಡೆ ತಿರುಗಿ ಅದ ಮಾತು ಕೇಳಿದ. ನಾಟಿ ಮೇಸ್ತ್ರಿಗೆ ಅಲ್ಲಿ ಯಾವ ಬೀಗ್ತಿ? "ಬೇಕ್ರಿ" ಅಂದ್ಳು.

ಸಾಹೇಬ ಎದ್ದು ನಿಂತು, ನಮ್ಮಿಬ್ರಂಥಾ ತ್ಯಾಗ ಎಲ್ಲೂ ನೋಡಿಲ್ಲ ಅಂತ ಎಲ್ಲಾರ ಮುಂದ ಹೊಗಳಿ, ಇಬ್ರಿಗೂ ಶಾಲು ಹೊದಿಸಿದ. ಕಾಲುವಿ ದಂಡಿಗೆ ಸ್ಟಾಪು ಅಂತ ಓದಿ ಹೇಳಿದ. ಹೆಣಮಕ್ಳು ಚಪ್ಪಾಳಿ ಹೊಡದ್ರು. ನಾನೂ ಬೀಗನೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಅವನ ಮಾರಿ ಸುಟ್ಟ ಬದ್ನಿಕಾಯಿ ಆಗಿತ್ತು. ಅದನ್ನ ನೋಡಿ ನನ್ನ ಎದಿಗೆ ತಣ್ಣನ್ನ ಗಾಳಿ ಬಡದಂಗಾತು.

ಶಾಲು ಹೊದ್ದಕೊಂಡು ಮನಿಗೆ ಬಂದೆ. ಹೆಂಡ್ತಿ ಬಾಣಲಿ ಮುಂದ ಕುಂತಿದ್ಳು.

"ಏನಾತು?" ಅಂದ್ಳು.

"ಬೀಗಗ ಸಿಗಲಿಲ್ಲ" ಅಂದೆ.

"ಹಂಗಾರ ನಮಗಾತಾ?"

"ಏ, ಬೀಗಗ ಸಿಗಲಿಲ್ಲ ಅಂತ ಹೇಳಿದ್ನಲ್ಲ, ಇನ್ನೇನು ಬೇಕ ನಿನಗ?"